ಕನಜಾವಾದಲ್ಲಿ ಅತ್ತೆ ಕಿತ್ತ ಹೂವು

ಶನಿವಾರ ಬೆಳಿಗ್ಗೆ ಟೋಕಿಯೋ ಪಕ್ಕದ ಉರಯಾಸುವಿನ ನಮ್ಮ ಮನೆಗೆ ಬೀಗ ಹಾಕಿದಾಗ ನಾವಿದ್ದದ್ದು ನಾಲ್ಕು ಜನ, ಚೀಲಗಳು ಮಾತ್ರ ಆರು. ಹೆಚ್ಚಿನ ಎರಡು ಚೀಲ ನಮ್ಮತ್ತೆಯವು. ಒಂದರಲ್ಲಿ ಗೊಜ್ಜವಲಕ್ಕಿ, ಚಪಾತಿ, ಚಟ್ನಿಪುಡಿ, ಇನ್ನೊಂದರಲ್ಲಿ ದೇವರು. ಎರಡು ದಿನದ ಪ್ರವಾಸಕ್ಕೆ ದೇವರನ್ನೂ ಹೊರಡಿಸಬೇಕೇ ಎಂದು ನಮ್ಮವರು ಕೇಳಿದ್ದಕ್ಕೆ, ಮತ್ತೆ ಮನೆಯಲ್ಲಿ ಅವನೊಬ್ಬನನ್ನೇ ಬಿಟ್ಟು ಹೋಗೋದಾ ಎಂದು ಅತ್ತೆ ತಿರುಗಿ ಕೇಳಿದರು. ಅಮ್ಮನ ಮುಂದೆ ವಾದ ಮಾಡಿ ಗೆದ್ದ ದಾಖಲೆ ನಮ್ಮವರದು ಇಲ್ಲವೇ ಇಲ್ಲ. ಸುಮ್ಮನೆ ಚೀಲ ಹೆಗಲಿಗೇರಿಸಿದರು.

ಹೊರಟಿದ್ದು ಕನಜಾವಾಕ್ಕೆ. ಜಪಾನಿನ ಪಶ್ಚಿಮದ ಕಡಲ ಕಡೆಗಿರುವ ಹಳೆಯ ಕೋಟೆ ಪಟ್ಟಣ ಅದು. ಯುದ್ಧಕಾಲದ ಬಾಂಬುಗಳಿಂದ ತಪ್ಪಿಸಿಕೊಂಡದ್ದರಿಂದ ಅಲ್ಲಿನ ಮರದ ಮನೆಗಳು, ಕಿರುಬೀದಿಗಳು ಇನ್ನೂ ಹಾಗೇ ಉಳಿದಿವೆ. ಅತ್ತೆಗೆ ಟೋಕಿಯೋದ ಎತ್ತರದ ಕಟ್ಟಡಗಳನ್ನು ತೋರಿಸಿ ತೋರಿಸಿ ನಮಗೇ ಸಾಕಾಗಿತ್ತು. ಮೈಸೂರಿನವರಿಗೆ ಅರಮನೆ, ತೋಟ, ಹಳೇ ಬೀದಿ ಇದ್ದರೇ ಊರು.

ಆದರೆ ಊರು ನೋಡುವುದು ನೆಪ. ನಮ್ಮ ಮಗಳು ಇಂಚರಾಳಿಗೆ ಹತ್ತು ವರ್ಷ, ಅದರಲ್ಲಿ ಒಂಬತ್ತು ವರ್ಷ ಜಪಾನಿನಲ್ಲೇ ಕಳೆದಿದೆ. ನಮ್ಮವರ ಟೋಕಿಯೋ ಕೆಲಸ ಆಗಸ್ಟಿಗೆ ಮುಗಿಯುತ್ತದೆ, ಮೈಸೂರಿನಲ್ಲಿ ಶಾಲೆ ಜೂನಿಗೇ ಶುರು. ಆದ್ದರಿಂದ ಮೇ ಕೊನೆಗೆ ಊರಿಗೆ ಮರಳುವ ಅಜ್ಜಿಯ ಜೊತೆ ಅವಳು ಮೊದಲು ಹೋಗಿ, ನಾವು ಆಮೇಲೆ ಹೋಗುವುದೆಂದು ಯೋಚಿಸಿದ್ದೆವು. ಈ ವಿಷಯ ಎತ್ತಿದಾಗಲೆಲ್ಲ ಇಂಚರಾ ಹ್ಞೂಂ ಎನ್ನುತ್ತಿರಲಿಲ್ಲ, ಊಹ್ಞೂಂ ಎನ್ನುತ್ತಲೂ ಇರಲಿಲ್ಲ. ತಲೆ ತಗ್ಗಿಸಿ ಸಾಕ್ಸ್ ಎಳೆದುಕೊಳ್ಳುತ್ತಿದ್ದಳು. ಅತ್ತೆ ಒಂದು ಮಾತು ಹೇಳಿಬಿಟ್ಟಿದ್ದರು. "ಬಲವಂತ ಬೇಡ ಸುಮಾ. ಬರ್ತೀನಿ ಅಂತ ತಾನಾಗಿ ಬಾಯಿಬಿಟ್ಟು ಹೇಳಿದ್ರೆ ಮಾತ್ರ ಕರ್ಕೊಂಡು ಹೋಗ್ತೀನಿ." ಅತ್ತೆ ಹೊರಡಲು ಇನ್ನು ಹೆಚ್ಚು ದಿನ ಇರಲಿಲ್ಲ. ಒಂದು ರಾತ್ರಿ ಎರಡು ಹಗಲು ಒಟ್ಟಿಗೆ ತಿರುಗಾಡಿದರೆ ಅಜ್ಜಿಗೂ ಮೊಮ್ಮಗಳಿಗೂ ಸಲಿಗೆ ಬೆಳೆದೀತು ಎಂಬ ಆಸೆಯಿಂದ ನಾನೇ ಈ ಪ್ರವಾಸ ಹೂಡಿದ್ದೆ.

ಟೋಕಿಯೋದಿಂದ ಕನಜಾವಾಕ್ಕೆ ಶಿಂಕಾನ್ಸೆನ್ ಎಂಬ ಬುಲೆಟ್ ರೈಲಿನಲ್ಲಿ ಮೂರು ಗಂಟೆಯೊಳಗಿನ ದಾರಿ. ದೊಡ್ಡವರಿಗೆ ಸುಮಾರು ಹದಿನಾಲ್ಕು ಸಾವಿರ ಯೆನ್, ಮಕ್ಕಳಿಗೆ ಅದರ ಅರ್ಧ. ರೂಪಾಯಿಯಲ್ಲಿ ಎಷ್ಟಾಯಿತೆಂದು ಅತ್ತೆಗೆ ಯಾರೂ ಹೇಳಕೂಡದೆಂದು ಮೊದಲೇ ಮಾತಾಗಿತ್ತು. ನಾಗಾನೋ ದಾಟುವಷ್ಟರಲ್ಲಿ ಗೊಜ್ಜವಲಕ್ಕಿ ಡಬ್ಬಿ ಖಾಲಿಯಾಯಿತು. ಇಂಚರಾ ಮಾತ್ರ ಹಗಲೂ ರಾತ್ರಿ ತೆರೆದಿರುವ ಕೊಂಬಿನಿ ಅಂಗಡಿಯ ಸ್ಯಾಂಡ್‌ವಿಚ್ ತಿಂದಳು. ಅಜ್ಜಿ ಕೇಳಿದ ಪ್ರಶ್ನೆಗಳಿಗೆಲ್ಲ ಯೆಸ್, ನೋ ಎಂದು ಉತ್ತರ ಕೊಟ್ಟಳು. ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತದೆ, ನಾಲಿಗೆಗೆ ಬರುವುದು ಕಷ್ಟ.

ಕನಜಾವಾದಲ್ಲಿ ಇಳಿದಾಗ ಜಿಟಿಜಿಟಿ ಮಳೆ. ಊಟದ ಡಬ್ಬಿ ಮರೆತರೂ ಕೊಡೆ ಮರೆಯಬೇಡ ಎಂಬ ಗಾದೆಯೇ ಆ ಊರಿನಲ್ಲಿದೆ. ನಾವು ಡಬ್ಬಿ ಮರೆಯದೆ ಕೊಡೆ ಮರೆತ ಜನ. ನಿಲ್ದಾಣದ ಮುಂದೆ ಮರದ ಭಾರೀ ದ್ವಾರವೊಂದು ನಿಂತಿದೆ. ಅತ್ತೆ ಅದನ್ನು ಗುಡಿಯ ಬಾಗಿಲೆಂದುಕೊಂಡು ಚಪ್ಪಲಿ ಬಿಡಲು ಬಗ್ಗಿದರು. ಇಂಚರಾ ಗಾಬರಿಯಿಂದ ಸುತ್ತ ನೋಡಿದಳು. ಯಾರೂ ನಮ್ಮನ್ನು ಗಮನಿಸಿರಲಿಲ್ಲ.

ಇನ್ನೂರು ಯೆನ್‌ಗೆ ಚೂರು ಮೇಲೆ ಕೊಟ್ಟು ಬಸ್ಸಿನಲ್ಲಿ ಅಸಾನೋ ನದಿಯ ಆಚೆ ದಡಕ್ಕೆ ಹೋದೆವು. ನಾವು ಹಿಡಿದಿದ್ದ ಮನೆ ಅಲ್ಲಿನ ಒಂದು ಓಣಿಯಲ್ಲಿತ್ತು. ಹತ್ತಿರದ ನೋಮಿಯಲ್ಲಿ ಓದುತ್ತಿರುವ ಬೆಂಗಳೂರಿನ ಹುಡುಗಿಯೊಬ್ಬಳು ಹೇಳಿದ್ದ ಜಾಗ: ಹಳೆಯ ಮರದ ಮನೆ, ಒಳಗೆ ಚಾಪೆಯ ನೆಲ, ಅಡಿಗೆಗೆ ಒಲೆ. ಕೋಣೆಯ ಗೋಡೆಯಲ್ಲಿ ಚಿತ್ರಪಟ, ಹೂದಾನಿ ಇಡಲು ಒಂದು ಗೂಡು ಬಿಟ್ಟಿದ್ದರು. ಒಳಗೆ ಕಾಲಿಟ್ಟ ಅತ್ತೆಗೆ ಕಂಡದ್ದು ಅದೊಂದೇ. ಹೂದಾನಿಯನ್ನು ಮೆಲ್ಲಗೆ ಬದಿಗೆ ಸರಿಸಿ ಅಲ್ಲಿ ಕೃಷ್ಣನನ್ನು ಕೂರಿಸಿದರು. ಮರದ ಮನೆಯಲ್ಲಿ ಬೆಂಕಿ ಹಚ್ಚಬಾರದೆಂದು ಮೊದಲೇ ಎಚ್ಚರಿಸಿದ್ದರಿಂದ ಬ್ಯಾಟರಿ ದೀಪ ತಂದಿದ್ದರು.

ಮಧ್ಯಾಹ್ನ ಮೀನು ಮಾರುಕಟ್ಟೆಗೆ ಕರೆದೊಯ್ದದ್ದು ನಮ್ಮವರ ಬುದ್ಧಿ. ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಆ ಕಡೆಯಿಂದ ಒಳಹೊಕ್ಕು ಈ ಕಡೆಯಿಂದ ಹೊರಬಿದ್ದರು. ಮೊಮ್ಮಗಳು ನಾಲ್ಕು ಹೆಜ್ಜೆ ಹಿಂದೆಯೇ ಉಳಿದಳು. ಸಂಜೆ ಹಿಗಾಶಿ ಚಾಯಾ ಎಂಬ ಹಳೇ ಚಹಾಮನೆಗಳ ಬೀದಿಗೆ ಹೋದೆವು. ಈ ಊರು ಬಂಗಾರದ ರೇಕಿಗೆ ಪ್ರಸಿದ್ಧ. ಐಸ್‌ಕ್ರೀಮಿಗೂ ಒಂದು ರೇಕು ಅಂಟಿಸಿ ಸಾವಿರ ಯೆನ್ ತೆಗೆದುಕೊಳ್ಳುತ್ತಾರೆ. ಬಂಗಾರವನ್ನು ಮೈಮೇಲೆ ಹಾಕಿಕೊಳ್ಳುವುದು ಬಿಟ್ಟು ತಿನ್ನುತ್ತಾರಲ್ಲ ಎಂದು ಅತ್ತೆ ಮರುಗಿದರು. ಇಂಚರಾ ನಕ್ಕಳು. ಅಂದು ಅವಳು ನಕ್ಕಿದ್ದು ಅದೊಂದೇ ಸಲ, ನನಗೆ ಅಷ್ಟೇ ಸಾಕಾಗಿತ್ತು.

ಮರುದಿನ ಎದ್ದಾಗ ಮಳೆ ನಿಂತು ಬಿಸಿಲು ಬಿದ್ದಿತ್ತು. ಅತ್ತೆಯ ಸ್ನಾನ ಆಗಿ ಪೂಜೆ ನಡೆದಿತ್ತು. ಕೃಷ್ಣನ ಮುಂದಿನ ತಟ್ಟೆಯಲ್ಲಿ ಡೇಲಿಯಾದಷ್ಟು ದಪ್ಪದ ಎರಡು ನಸುಗೆಂಪು ಹೂವು. ಹಲ್ಲುಜ್ಜುತ್ತ ಬಂದ ಇಂಚರಾ ಅಲ್ಲೇ ನಿಂತಳು. ಎಲ್ಲಿಂದ ಬಂತು ಎಂದು ಕೇಳಿದಳು. ಅತ್ತೆ ಕಿಟಕಿಯಾಚೆ ಕೈ ತೋರಿಸಿದರು. ಎದುರು ಮನೆಯ ಮುಂದೆ, ಬೇಲಿ ಗೇಟು ಏನೂ ಇಲ್ಲದೆ, ಬೀದಿಯಂಚಿನಲ್ಲೇ ಹೂಕುಂಡಗಳನ್ನು ಸಾಲಾಗಿ ಇಟ್ಟಿದ್ದರು.

ಇದನ್ನು ನಮ್ಮೂರಿನವರಿಗೆ ವಿವರಿಸಬೇಕಾಗಿಲ್ಲ. ಬೆಳಗಿನ ಜಾವ ವಾಕಿಂಗ್ ಹೊರಟ ಹಿರಿಯರ ಕೈಯಲ್ಲಿ ಪ್ಲಾಸ್ಟಿಕ್ ಕವರು ಯಾಕಿರುತ್ತದೆ, ಕಾಂಪೌಂಡಿನಿಂದ ಹೊರಗೆ ಬಾಗಿದ ದಾಸವಾಳ ಯಾರ ದೇವರಿಗೆ ಸೇರುತ್ತದೆ ಎಂದು ಎಲ್ಲರಿಗೂ ಗೊತ್ತು. ಅತ್ತೆಯ ಪ್ರಕಾರ ಅವರು ನಿಯಮ ಮೀರಿರಲಿಲ್ಲ. ಅರಳಿದ್ದು ಮೂರು, ಒಂದನ್ನು ಮನೆಯವರಿಗೆ ಬಿಟ್ಟಿದ್ದರು. ಆದರೆ ದಾರಿಯಲ್ಲಿ ಸಿಕ್ಕ ಒಂದು ಯೆನ್ನನ್ನೂ ಪೊಲೀಸ್ ಚೌಕಿಗೆ ಒಪ್ಪಿಸಬೇಕೆಂದು ಕಲಿತು ಬೆಳೆದ ಹುಡುಗಿಗೆ ಇದನ್ನು ಹೇಗೆ ಹೇಳುವುದು?

"ಅಮ್ಮಾ, ದಟ್ಸ್ ಸ್ಟೀಲಿಂಗ್," ಎಂದಳು ಇಂಚರಾ. ಕಣ್ಣಲ್ಲಿ ನೀರು. ಆಮೇಲೆ ಕನ್ನಡದಲ್ಲೇ ಕೇಳಿದಳು. "ಅಲ್ಲಿ ಎಲ್ಲಾರೂ ಹೀಗೇ ಮಾಡ್ತಾರಾ?"

ಅಲ್ಲಿ ಎಂದರೆ ಮೈಸೂರು. ಸ್ಟೀಲಿಂಗ್ ಎಂದರೇನೆಂದು ಅತ್ತೆಗೂ ತಿಳಿಯುತ್ತದೆ. ಕೈಗೆತ್ತಿಕೊಂಡಿದ್ದ ಹೂವನ್ನು ತಟ್ಟೆಗೆ ಹಿಂದಕ್ಕಿಟ್ಟರು. ದೀಪದ ಗುಂಡಿ ಒತ್ತಿ ಆರಿಸಿದರು. ಇಷ್ಟು ವರ್ಷಗಳಲ್ಲಿ ಅವರು ಪೂಜೆಯನ್ನು ಅರ್ಧಕ್ಕೆ ನಿಲ್ಲಿಸಿದ್ದನ್ನು ನಾನು ನೋಡಿರಲಿಲ್ಲ. ಹುಡುಗಿಯನ್ನು ಅಜ್ಜಿಯ ಹತ್ತಿರ ತರಲೆಂದು ಇಷ್ಟು ದೂರ ಬಂದು, ಇದ್ದ ಸಲಿಗೆಯನ್ನೂ ಕಳೆದೆನೆಂದು ಅನ್ನಿಸಿತು.

ಇಲ್ಲಿ ತಪ್ಪಾದರೆ ಸಿಹಿಯ ಪೆಟ್ಟಿಗೆ ಹಿಡಿದು ಮನೆ ಬಾಗಿಲಿಗೆ ಹೋಗಿ ಕ್ಷಮೆ ಕೇಳುವ ಪದ್ಧತಿ ಇದೆ. ಅಂಗಡಿ ತೆರೆಯುವುದನ್ನೇ ಕಾದು ನಮ್ಮವರು ಒಂದು ಪೆಟ್ಟಿಗೆ ತಂದರು. ಯಾರು ಮಾತಾಡುವುದು ಎಂಬುದೇ ಸಮಸ್ಯೆ. ನನ್ನ ಜಪಾನೀಸ್ ತರಕಾರಿ ಅಂಗಡಿ ದಾಟುವುದಿಲ್ಲ. ನಮ್ಮವರದು ಆಫೀಸಿನದು, ಹೂವಿನ ವಿಷಯವನ್ನೂ ಪ್ರಾಜೆಕ್ಟ್ ತಡವಾದ ಧಾಟಿಯಲ್ಲಿ ವರದಿ ಮಾಡುತ್ತಾರೆ. ಕೊನೆಗೆ ಇಂಚರಾಳೇ ಮುಂದೆ ನಡೆದಳು. ಅತ್ತೆಗೆ ಮನೆಯಲ್ಲೇ ಇರಿ ಎಂದೆವು, ಅವರು ಕೇಳಲಿಲ್ಲ. ಸೀರೆ ಬದಲಿಸಿ ನಮ್ಮ ಹಿಂದೆಯೇ ಬಂದರು.

ಎದುರು ಮನೆಯ ಒಡತಿ, ನಾಕಾಗಾವಾ ಎಂದು ಬಾಗಿಲ ಫಲಕದಲ್ಲಿತ್ತು, ಗೌರವಕ್ಕೆ ಸಾನ್ ಸೇರಿಸಬೇಕು, ಹೆಚ್ಚುಕಡಿಮೆ ಅತ್ತೆಯದೇ ವಯಸ್ಸು. ಆಗಲೇ ಹೊರಗೆ ನಿಂತು ಮುರಿದ ದಂಟುಗಳನ್ನು ನೋಡುತ್ತಿದ್ದರು. ಸುಮಿಮಾಸೆನ್, ಕ್ಷಮಿಸಿ ಎಂದು ನಾವೆಲ್ಲ ಬಾಗಿದೆವು, ನಮ್ಮವರು ಸಿಹಿಯ ಪೆಟ್ಟಿಗೆ ನೀಡಿದರು. ಹೂವು ನಮ್ಮ ಮನೆಗೆ ಬಂದಿದೆ ಎಂದು ತಿಳಿದು ನಾಕಾಗಾವಾ ಸಾನ್ ಪರವಾಗಿಲ್ಲ, ಪರವಾಗಿಲ್ಲ ಎಂದರು. ತುಟಿಯಲ್ಲಿ ನಗು ಇತ್ತು, ಕಣ್ಣು ಮಾತ್ರ ದಂಟಿನ ಮೇಲೇ ಇತ್ತು. ಅವರ ನೋಟ ನಿಧಾನವಾಗಿ ಅತ್ತೆಯ ಕಡೆ ಹೊರಳಿತು. ಆಗ ಇಂಚರಾ ಅಜ್ಜಿಗೆ ಅಡ್ಡವಾಗಿ ಒಂದು ಹೆಜ್ಜೆ ಸರಿದು, ಇನ್ನೊಮ್ಮೆ ಬಾಗಿ, ಸ್ಪಷ್ಟವಾದ ಜಪಾನೀಸಿನಲ್ಲಿ ಹೇಳಿದಳು: ಹೂವು ಕಿತ್ತದ್ದು ನಾನು, ಕ್ಷಮಿಸಿ.

ನಾಕಾಗಾವಾ ಸಾನ್ ಅವಳ ಎತ್ತರಕ್ಕೆ ಬಗ್ಗಿ ಮೆತ್ತಗೆ ಬುದ್ಧಿ ಹೇಳತೊಡಗಿದರು. ಇದು ವರ್ಷಕ್ಕೊಮ್ಮೆ ಅರಳುವ ಹೂವು, ಬೇಕಾದರೆ ಕೇಳಬೇಕು ಕಣಮ್ಮ, ಹೀಗೆ ಏನೇನೋ. ಇಂಚರಾ ತಲೆ ತಗ್ಗಿಸಿ ಹೌದು ಹೌದು ಎನ್ನುತ್ತಿದ್ದಳು.

"ಮಗೂಗ್ಯಾಕೆ ಹೇಳ್ತಿದಾರೆ?" ಅತ್ತೆ ನನ್ನ ಭುಜ ತಟ್ಟಿದರು. ನಾನು ಹೇಳಿಬಿಟ್ಟೆ. ಅವರು ಮೊಮ್ಮಗಳನ್ನು ತೋಳು ಹಿಡಿದು ಹಿಂದಕ್ಕೆಳೆದು, ತಾವು ಮುಂದೆ ಬಂದರು. ಎದೆಗೆ ಕೈ ಇಟ್ಟುಕೊಂಡು ಅಚ್ಚ ಕನ್ನಡದಲ್ಲಿ, "ಕಿತ್ತಿದ್ದು ನಾನು ತಾಯಿ. ಇವಳಲ್ಲ. ನಮ್ಮ ಮಗು ಅಂಥದ್ದೆಲ್ಲಾ ಮಾಡಲ್ಲ," ಎಂದರು. ಹೂವು ಮುರಿದ ರೀತಿಯನ್ನೂ ಬೆರಳಲ್ಲಿ ಮಾಡಿ ತೋರಿಸಿದರು.

ಅದಕ್ಕೆ ಅನುವಾದ ಬೇಕಾಗಲಿಲ್ಲ. ನಾಕಾಗಾವಾ ಸಾನ್ ಅಜ್ಜಿಯನ್ನೊಮ್ಮೆ ಮೊಮ್ಮಗಳನ್ನೊಮ್ಮೆ ನೋಡಿ, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕುಬಿಟ್ಟರು. ಈ ಸಲ ಕಣ್ಣೂ ನಕ್ಕಿತು. ಯಾತಕ್ಕೆ ಬೇಕಾಗಿತ್ತು ಹೂವು ಎಂದು ವಿಚಾರಿಸಿದರು. ದೇವರಿಗೆ ಎಂದಳು ಇಂಚರಾ. ತಮಗೂ ಅದಕ್ಕೇ ಬೇಕಿತ್ತೆಂದೂ, ತೀರಿಕೊಂಡ ಯಜಮಾನರ ನೆನಪಿಗೆ ಮನೆಯಲ್ಲಿಟ್ಟ ಪೂಜೆಯ ಗೂಡಿನ ಮುಂದೆ ದಿನಾ ಹೂವಿಡುವುದಾಗಿಯೂ ಅವರು ಹೇಳಿದರು.

ನಮ್ಮವರು ಇದನ್ನು ಕನ್ನಡದಲ್ಲಿ ತಿಳಿಸಿದ್ದೇ ಅತ್ತೆ ಸರಸರನೆ ನಮ್ಮ ಮನೆಯೊಳಗೆ ಹೋದರು. ಮರಳಿದಾಗ ಕೈಯಲ್ಲಿ ಒಂದು ಹೂವು. "ಇನ್ನೂ ಏರಿಸಿಲ್ಲ ಅಂತ ಹೇಳು ಪುಟ್ಟಿ. ಏರಿಸಿದ್ರೆ ಕೊಡೋ ಹಾಗಿರಲಿಲ್ಲ. ಅವರ ಯಜಮಾನರಿಗೆ ಇಡಬಹುದು." ಒಬ್ಬರಿಗೆ ಏರಿಸಿದ್ದನ್ನು ಇನ್ನೊಬ್ಬರಿಗೆ ಯಾಕೆ ಏರಿಸಬಾರದು ಎಂದು ಇಂಚರಾ ಮೊದಲು ಅಜ್ಜಿಯಿಂದ ತಿಳಿದುಕೊಂಡಳು. ಆಮೇಲೆ ಬಹಳ ಹೊತ್ತು ಜಪಾನೀಸಿನಲ್ಲಿ ವಿವರಿಸಿದಳು. ನಾಕಾಗಾವಾ ಸಾನ್ ಎರಡೂ ಕೈ ಚಾಚಿ ಹೂವು ತೆಗೆದುಕೊಂಡರು. ಉಳಿದದ್ದು ನಿಮ್ಮ ದೇವರಿಗಿರಲಿ, ಇನ್ನೊಮ್ಮೆ ಬಂದರೆ ಕತ್ತರಿ ಕೊಡುತ್ತೇನೆ ಎಂದರು. ಅರಿಗಾತೋ ಎಂದು ಅತ್ತೆಯೇ ಜಪಾನೀಸಿನಲ್ಲಿ ಧನ್ಯವಾದ ಹೇಳಿದರು. ಅರ್ಧಕ್ಕೆ ನಿಂತಿದ್ದ ಪೂಜೆ ಒಂದೇ ಹೂವಿನಲ್ಲಿ ಪೂರ್ತಿಯಾಯಿತು.

ಮಧ್ಯಾಹ್ನ ಕೆನ್‌ರೊಕುಎನ್ ಎಂಬ ಹೆಸರಾಂತ ರಾಜತೋಟಕ್ಕೆ ಹೋದೆವು. ಅರವತ್ತೈದು ದಾಟಿದವರಿಗೆ ಪುಕ್ಕಟೆ ಪ್ರವೇಶ. ಪಾಸ್‌ಪೋರ್ಟ್ ತೋರಿಸಿ ಒಳಗೆ ಹೋಗುವಾಗ ಅತ್ತೆಗೆ ಹಿಡಿಸಲಾರದಷ್ಟು ಹೆಮ್ಮೆ. ಕಾಲುವೆಯುದ್ದಕ್ಕೂ ನೀಲಿ ಹೂವು ತುಂಬಿತ್ತು. ಮುದಿ ಪೈನ್ ಮರಗಳ ಬಾಗಿದ ಕೊಂಬೆಗಳಿಗೆ ಕಂಬಗಳ ಆಸರೆ ಕೊಟ್ಟಿದ್ದರು. ಅತ್ತೆ ತೋಟವಿಡೀ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೇ ನಡೆದರು, ನನ್ನ ಮೇಲೆ ಯಾರಿಗೂ ಅನುಮಾನ ಬೇಡ ಎಂದು ಇಂಚರಾಳಿಗೆ ಕೇಳುವಂತೆ ಹೇಳುತ್ತ. ಸ್ವಲ್ಪ ಹೊತ್ತಿಗೆ ಇಂಚರಾ ಆ ಕೈಗಳಲ್ಲಿ ಒಂದನ್ನು ಬಿಡಿಸಿ ತಾನು ಹಿಡಿದುಕೊಂಡಳು. ನಾನೂ ನಮ್ಮವರೂ ಬೇಕೆಂದೇ ಹಿಂದೆ ಉಳಿದೆವು.

ಸಂಜೆಯ ರೈಲಿನಲ್ಲಿ ಇಂಚರಾ ತಾನಾಗಿ ಅಜ್ಜಿಯ ಪಕ್ಕ ಕೂತಳು. ತೊಯಾಮಾ ಬಿಟ್ಟ ಮೇಲೂ ಹಿಮ ಹೊದ್ದ ಬೆಟ್ಟಗಳು ಬಹಳ ದೂರ ಕಿಟಕಿಯಲ್ಲಿ ಕಾಣುತ್ತಿದ್ದವು. ಬೋಗಿಯಲ್ಲಿ ಪಿಟ್ಟೆನ್ನುವ ಸದ್ದಿಲ್ಲ, ಹಿಂದಿನ ಸೀಟಿನಲ್ಲಿದ್ದ ನನಗೆ ಅವರ ಮಾತು ಪೂರ್ತಿ ಕೇಳುತ್ತಿತ್ತು.

"ಅಜ್ಜಿ, ಮೈಸೂರಲ್ಲಿ ಹೂ ಕಿತ್ರೆ ಆ ಮನೆಯವ್ರು ಬೈಯಲ್ವಾ?"

"ಬೈತಾರೆ. ಅದಕ್ಕೇ ಅವರು ಏಳೋದಕ್ಕೆ ಮುಂಚೆ ಹೋಗೋದು."

ಇಂಚರಾ ಅಜ್ಜಿಯ ಕಡೆ ತಿರುಗಿ ಕೂತಳು. "ನಾನು ಬಂದ್ಮೇಲೆ ಹಾಗೆಲ್ಲ ಮಾಡ್ಬಾರ್ದು. ಬೆಲ್ ಮಾಡಿ ಕೇಳ್ಬೇಕು. ಓಕೆ?"

ನಮ್ಮವರು ನನ್ನ ಕೈ ಅದುಮಿದರು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡದ್ದು ಸೀಟಿನ ಸಂದಿಯಲ್ಲಿ ಕಂಡಿತು.

"ಆಗಲಿ ಕಂದ," ಎಂದರು ಕೊನೆಗೆ. "ಆದ್ರೆ ನಮ್ಮ ಬೀದೀಲಿ ಅರ್ಧ ಮನೆಗೆ ಬೆಲ್ ಇಲ್ಲ. ಗೇಟಲ್ಲಿ ನಿಂತು ಕೂಗಬೇಕು."

ಇಂಚರಾ ಪಕ್ಕದ ಸಾಲಿನಲ್ಲಿ ಮಲಗಿದ್ದವರ ಕಡೆ ಒಮ್ಮೆ ನೋಡಿ, ಅಜ್ಜಿಯ ಕಿವಿಗೆ ಬಾಯಿ ಹಚ್ಚಿ, ಪಿಸುಗುಟ್ಟಿದಳು. "ಪರ್ವಾಗಿಲ್ಲ. ನಾನು ಕೂಗ್ತೀನಿ."