ಹೊಳೆಯುವ ಮಾತ್ರೆಗೆ ಸಹಿ ಹಾಕದ ದಿನ

ಕೋವಿಡ್ ನಿರ್ಬಂಧಗಳು ಮುಗಿದು ಕಾರ್ಖಾನೆಗಳು ಪೂರ್ಣ ಪಾಳಿಗೆ ಮರಳಿದ ವರ್ಷ ನಾನು ಮುಂಬೈ ಬಳಿಯ ಡೊಂಬಿವಲಿಯ ಕೈಗಾರಿಕಾ ಪ್ರದೇಶ ಎಂಐಡಿಸಿಯ ಔಷಧ ಕಂಪನಿಯೊಂದರಲ್ಲಿ ಗುಣಮಟ್ಟ ವಿಭಾಗದ ಮುಖ್ಯಸ್ಥೆಯಾಗಿದ್ದೆ. ನನ್ನ ಸಹಿ ಇಲ್ಲದೆ ಒಂದು ಮಾತ್ರೆಯೂ ಗೇಟು ದಾಟುವಂತಿರಲಿಲ್ಲ.

ಆ ಮಳೆಗಾಲ ನಮ್ಮ ರಕ್ತದೊತ್ತಡದ ಮಾತ್ರೆಯನ್ನು ಡೈರೆಕ್ಟ್ ಕಂಪ್ರೆಷನ್‌ಗೆ ಬದಲಿಸಿದೆವು. ಹಳೆಯ ಕ್ರಮದಲ್ಲಿ ಪುಡಿಯನ್ನು ಒದ್ದೆ ಮಾಡಿ, ಸಣ್ಣ ಕಾಳುಗಳಾಗಿಸಿ, ಒಣಗಿಸಿ, ಆಮೇಲೆ ಒತ್ತಬೇಕು. ಹೊಸ ಕ್ರಮದಲ್ಲಿ ಒಣ ಪುಡಿಗಳನ್ನು ಬೆರೆಸಿ ನೇರವಾಗಿ ಯಂತ್ರಕ್ಕೆ ಕೊಡುವುದು. ಇದು ಉತ್ಪಾದನಾ ಮ್ಯಾನೇಜರ್ ಬಸವರಾಜ್ ಅವರ ಹಟ. ವಿಜಯಪುರದವರು, ಈಗ ಠಾಣೆ ಪಕ್ಕದ ಕಳವಾ ಊರಿನಲ್ಲಿ ಮನೆ. ಮಾಲೀಕರನ್ನು ಒಪ್ಪಿಸಲು ತಿಂಗಳುಗಟ್ಟಲೆ ಹಿಂದೆ ಬಿದ್ದಿದ್ದರು.

ಮೊದಲ ದೊಡ್ಡ ಬ್ಯಾಚ್‌ನಲ್ಲೇ, ತೇವದ ಹವೆಗೆ, ಪುಡಿಯು ಯಂತ್ರದ ಪಂಚ್‌ಗಳಿಗೆ, ಅಂದರೆ ಮಾತ್ರೆ ಒತ್ತುವ ಉಕ್ಕಿನ ಅಚ್ಚುಗಳಿಗೆ, ಅಂಟತೊಡಗಿತು. ಹಾಗೆ ಅಂಟದಿರಲೆಂದೇ ಕೊನೆಯಲ್ಲಿ ಚೂರು ಮೆಗ್ನೀಷಿಯಂ ಸ್ಟಿಯರೇಟ್ ಎಂಬ ಜಿಡ್ಡುಪುಡಿ ಸೇರಿಸುತ್ತೇವೆ. ಬಸವರಾಜ್ ಉಳಿದ ಪುಡಿಯನ್ನು ಅದರೊಂದಿಗೆ ನಿಗದಿಗಿಂತ ಬಹಳ ಹೊತ್ತು ಬೆರೆಸಿದರು. ಅಂಟುವುದು ನಿಂತಿತು, ಮಾತ್ರೆಗಳು ನುಣ್ಣಗೆ ಹೊಳೆಯುತ್ತ ಬಂದವು. ಆದರೆ ಡಿಸಲ್ಯೂಷನ್ ಪರೀಕ್ಷೆಯಲ್ಲಿ, ಅಂದರೆ ಬೆಚ್ಚಗಿನ ದ್ರಾವಣದಲ್ಲಿ ಔಷಧ ಎಷ್ಟು ಬೇಗ ಬಿಡುಗಡೆಯಾಗುತ್ತದೆಂದು ನೋಡುವಾಗ, ಸೋತವು. ನಾನು ಸಹಿ ಹಾಕಲಿಲ್ಲ.

ಉಡುಪಿ ಕಡೆಯವರಾದ ಮಾಲೀಕರು ಬಸವರಾಜ್ ಅವರನ್ನೂ ನನ್ನನ್ನೂ ಕರೆಸಿದರು.

“ಎಂತ ಮೇಡಂ, ಇಷ್ಟು ಚಂದ ಹೊಳೀತಾ ಉಂಟು! ಹೊರಗೆ ಟೆಂಪೋ ನಿಂತಿದೆ.”

ನಾನು ಎರಡು ಲೋಟ ನೀರು ತರಿಸಿ, ಒಂದಕ್ಕೆ ಹಳೆಯ ಮಾತ್ರೆ, ಇನ್ನೊಂದಕ್ಕೆ ಹೊಸತು ಹಾಕಿದೆ. ನಾವು ಮಾತಾಡುತ್ತಿದ್ದಂತೆ ಹಳೆಯದು ಅರಳಿ ಪುಡಿಯಾಯಿತು. ಹೊಸತು ಬೆಣಚುಕಲ್ಲಿನಂತೆ ತಳದಲ್ಲಿ ಕೂತೇ ಇತ್ತು.

ಮಾಲೀಕರ ಮುಖ ಕೆಂಪಾಯಿತು. “ಹಾಗಾದ್ರೆ ಈ ಹೊಸ ಪದ್ಧತಿಯೇ ಬೇಡ. ನಾಳೆಯಿಂದ ಹಳೇದೇ ಮಾಡಿ!”

ಬಸವರಾಜ್ ತಲೆ ಎತ್ತಲಿಲ್ಲ.

“ಬ್ಯಾಚ್ ನಾಶ ಮಾಡಲೇಬೇಕು ಸರ್, ಪದ್ಧತಿ ಬಿಡಬೇಕಾಗಿಲ್ಲ,” ಎಂದೆ. “ಸ್ಟಿಯರೇಟ್ ಹೆಚ್ಚು ಹೊತ್ತು ಬೆರೆತರೆ ಕಣಕಣಕ್ಕೂ ಜಿಡ್ಡಿನ ಹೊದಿಕೆ ಆಗುತ್ತೆ, ನೀರು ಒಳಗೆ ಹೋಗಲ್ಲ. ಬೆರೆಸೋ ಹೊತ್ತು ನಿಗದಿಯಷ್ಟೇ ಇರಲಿ. ಕೋಣೆಯ ತೇವ ಇಳಿಸೋಣ, ಪಂಚ್‌ಗಳಿಗೆ ಪಾಲಿಶ್ ಮಾಡಿಸೋಣ.”

“ನೀವು ಜವಾಬ್ದಾರಿ ತಗೊಳ್ತೀರಾ?”

“ತಗೊಳ್ತೀನಿ.”

ಅವರು ಫೋನೆತ್ತಿ ಟೆಂಪೋ ಹಿಂದೆ ಕಳಿಸಿದರು.

ಮೆಟ್ಟಿಲಲ್ಲಿ ಬಸವರಾಜ್ ತಡೆದು ನಿಂತರು. “ಭಾಳ ಸಿಟ್ಟ ಬಂದಿತ್ರಿ ನಿಮ್ಮ ಮ್ಯಾಲ.”

“ಈಗ?”

“ಈಗೂ ಸ್ವಲ್ಪ ಐತ್ರಿ,” ಎಂದು ನಕ್ಕರು.

ಮರುವಾರವೇ ತೇವ ಹೀರುವ ಯಂತ್ರ ಬಂತು. ಅನಂತರದ ಬ್ಯಾಚ್‌ಗಳು ಅಷ್ಟೇನೂ ಹೊಳೆಯಲಿಲ್ಲ, ಎಲ್ಲವೂ ಪಾಸಾದವು. ಆ ಮಾತ್ರೆ ಇಂದಿಗೂ ಅದೇ ಪದ್ಧತಿಯಲ್ಲಿ ತಯಾರಾಗುತ್ತಿದೆ.

ಬೇಡ ಎನ್ನುವುದು ನನ್ನ ಹುದ್ದೆಯ ಅರ್ಧ ಕೆಲಸ. ಯಾವುದು ಬೇಡ, ಯಾವುದು ಇರಲಿ ಎಂದು ಬಿಡಿಸಿ ಹೇಳುವುದು ಉಳಿದರ್ಧ. ಕಷ್ಟದ್ದು ಅದೇ.