ಸುದ್ದಿಯ ಬೆನ್ನು ಹಿಡಿದ ಗಂಗರತ್ನಮ್ಮ

ಗಂಗರತ್ನಮ್ಮನಿಗೆ ಪೇಪರು ಓದುವುದನ್ನು ಕಲಿಸಿದವರು ಶ್ರೀನಿವಾಸಪ್ಪ ಮೇಷ್ಟ್ರು. ಎರಡನೇ ಮಹಾಯುದ್ಧದ ಕಾಲದಲ್ಲಿ ಅವರು ಬಂಗಾರಪೇಟೆಯ ಮಿಡ್ಲ್ ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದರು. ಪ್ರಯಾಣಿಕರು ಸ್ಟೇಷನ್ನಿನಲ್ಲಿ ಬಿಟ್ಟುಹೋದ ಪೇಪರುಗಳನ್ನು ಆರಿಸಿ ತಂದು, ಒಂದೇ ಸುದ್ದಿಯನ್ನು ಎರಡು ಕಡೆ ಓದಿಸಿ, "ಇದರಲ್ಲಿರೋದು ಅದರಲ್ಲಿ ಯಾಕಿಲ್ಲ?" ಎಂದು ಕೇಳುತ್ತಿದ್ದರು. ತರಗತಿಯಲ್ಲಿದ್ದದ್ದೇ ಮೂವರು ಹುಡುಗಿಯರು. ಉಳಿದ ಮೇಷ್ಟ್ರುಗಳು ಆ ಮೂಲೆಯತ್ತ ತಿರುಗಿಯೂ ನೋಡುತ್ತಿರಲಿಲ್ಲ. ಶ್ರೀನಿವಾಸಪ್ಪನವರು ಮಾತ್ರ ಬೂದಿಕೋಟೆ ಕಡೆಯಿಂದ ಬಂದ ಈ ಒಕ್ಕಲು ಮನೆಯ ಹುಡುಗಿಯನ್ನೇ ಎಬ್ಬಿಸಿ ನಿಲ್ಲಿಸಿ, "ಅಚ್ಚಾದಮಾತ್ರಕ್ಕೆ ನಿಜ ಆಗುತ್ತೇನಮ್ಮ? ಕಣ್ಣಾರೆ ಕಂಡೋರು ಯಾರು, ಅದನ್ನ ಕೇಳು" ಎನ್ನುತ್ತಿದ್ದರು. ಓದು ಬಿಡಿಸಿ ಮದುವೆ ಮಾಡಿಬಿಡಬೇಕೆಂದು ಅಪ್ಪ ಹೊರಟಾಗ ಊರಿಗೇ ಬಂದು, ಜಗಲಿಯ ಮೇಲೆ ಕೂತು, ಅವಳನ್ನು ಟೀಚರ್ ಟ್ರೈನಿಂಗಿಗೆ ಕಳಿಸಲು ಒಪ್ಪಿಸಿದವರೂ ಅವರೇ. ಅಪ್ಪ ತೀರಿಕೊಂಡ ಮೇಲೆ ಅವಳು ಅಪ್ಪನ ಜಾಗದಲ್ಲಿ ಮನಸ್ಸಿನಲ್ಲೇ ಕೂರಿಸಿಕೊಂಡದ್ದು ಈ ಮನುಷ್ಯನನ್ನು.

ಚಿನ್ನದ ಗಣಿಯ ಊರಿಗಾಂನ ಶಾಲೆಗೆ ಟೀಚರಾಗಿ ಬಂದಾಗ ಅವಳು ತಂದದ್ದು ಆ ಒಂದು ಪಾಠವನ್ನು. ಮಕ್ಕಳೆಲ್ಲ ಗಣಿ ಕೆಲಸಗಾರರ ಸಾಲುಮನೆಗಳ ಲೈನುಗಳಿಂದ ಬರುತ್ತಿದ್ದವು. ಮನೆಯಲ್ಲಿ ತೆಲುಗೋ ತಮಿಳೋ, ಶಾಲೆಯಲ್ಲಿ ಕನ್ನಡ, ಆಟಕ್ಕೆ ಮೂರೂ ಬೆರೆತದ್ದು. ಅವಳು ಮೂರು ಭಾಷೆಯ ಪೇಪರುಗಳನ್ನೂ ಗೋಡೆಗೆ ಅಂಟಿಸಿದಳು. ಒಂದು ಸಲ ಗಣಿಯೊಳಗೆ ಬಂಡೆ ಸಿಡಿಯಿತು. ಒಂದು ಪೇಪರು ಇಬ್ಬರು ಸತ್ತರೆಂದು ಬರೆಯಿತು, ಇನ್ನೊಂದು ಯಾರಿಗೂ ಏನೂ ಆಗಿಲ್ಲವೆಂದಿತು. ಮುತ್ಯಾಲಮ್ಮನೆಂಬ ಹುಡುಗಿ ಎದ್ದು, "ಎರಡೂ ಸುಳ್ಳು ಟೀಚರ್. ನಮ್ಮಪ್ಪ ಅದೇ ಶಿಫ್ಟಲ್ಲಿದ್ರು. ಸತ್ತೋನು ಒಬ್ಬ. ಅವ್ನ ಮನೆ ನಮ್ಮ ಲೈನಲ್ಲೇ ಐತೆ" ಎಂದಳು. ಆ ಭಾನುವಾರವೇ ಗಂಗರತ್ನಮ್ಮ ಬಂಗಾರಪೇಟೆಗೆ ಹೋಗಿ ಇದನ್ನು ಮೇಷ್ಟ್ರಿಗೆ ಹೇಳಿದಳು. ಅವರು ಕಣ್ಣು ಒದ್ದೆ ಮಾಡಿಕೊಂಡು, "ನನ್ನ ಪಾಠ ನನಗಿಂತ ಚೆನ್ನಾಗಿ ನೀನೇ ಮಾಡ್ತಿದೀಯ" ಎಂದಿದ್ದರು.

1957ರ ಬೇಸಿಗೆ ಮುಗಿದು ಶಾಲೆ ತೆರೆದಾಗ ಅರ್ಧಕ್ಕರ್ಧ ಬೆಂಚು ಖಾಲಿ. ಗಣಿಯಲ್ಲಿ ತೋಡುತ್ತಿರುವ ಹೊಸ ಶಾಫ್ಟಿಗೆ ಮಕ್ಕಳನ್ನು ಬಲಿ ಕೊಡುತ್ತಾರಂತೆ, ಗೋಣಿಚೀಲದವನು ಬಂದು ಹಿಡಿದುಕೊಂಡು ಹೋಗುತ್ತಾನಂತೆ ಎಂಬ ಮಾತು ಲೈನಿನಿಂದ ಲೈನಿಗೆ ಹಬ್ಬಿತ್ತು. ಬಂಗಾರಪೇಟೆಯ ಒಂದು ಸಣ್ಣ ವಾರಪತ್ರಿಕೆಯಲ್ಲಿ 'ನಂಬಲರ್ಹ ಮೂಲಗಳಿಂದ ತಿಳಿದುಬಂದಂತೆ' ಎಂದು ಅಚ್ಚೂ ಆಗಿತ್ತು. ಒಂದು ಬೆಳಿಗ್ಗೆ ಕೊಡೆ ರಿಪೇರಿ ಮಾಡುವ ಆಂಜಿನಪ್ಪ, ವರ್ಷ ವರ್ಷ ಮಳೆಗಾಲಕ್ಕೆ ಮುಂಚೆ ಬರುವವನು, ಮುರಿದ ಕೊಡೆಕಡ್ಡಿಗಳ ಗೋಣಿಚೀಲ ಹೆಗಲಿಗೆ ಹಾಕಿಕೊಂಡು ಲೈನಿನೊಳಗೆ ಬಂದ. ಯಾರೋ ಕೂಗಿದರು. ಚೀಲ ಬಿಚ್ಚಿ ನೋಡುವ ತಾಳ್ಮೆಯೂ ಯಾರಿಗೂ ಇರಲಿಲ್ಲ. ಗಂಗರತ್ನಮ್ಮ ಓಡಿಹೋಗುವ ಹೊತ್ತಿಗೆ ಅವನು ನೆಲದ ಮೇಲೆ ಬಿದ್ದಿದ್ದ. ಬಲಗೈ ಮೊಣಕೈಯಿಂದ ಕೆಳಗೆ ಸೊಟ್ಟಗೆ ತಿರುಗಿತ್ತು. "ನಾನು ಕಣಮ್ಮಾ, ಕೊಡೆ ಆಂಜಿನಪ್ಪ. ಇವ್ರೆಲ್ಲಾ ನನ್ನ ಬಲ್ರು ಕಣಮ್ಮಾ" ಎಂದು ಅದನ್ನೇ ಹೇಳುತ್ತಿದ್ದ.

ಮರುದಿನ ಅವಳು ತರಗತಿಗೆ ಬಂದಷ್ಟು ಮಕ್ಕಳನ್ನು ಕೂರಿಸಿಕೊಂಡು, "ಈ ಮಾತನ್ನ ನಿಮ್ಮ ಮನೇಲಿ ಯಾರು ಹೇಳಿದ್ರು, ಅವರಿಗೆ ಯಾರು ಹೇಳಿದ್ರು, ಹಿಂದಕ್ಕೆ ಕೇಳ್ಕೊಂಡು ಹೋಗಿ" ಎಂದಳು. ಮಕ್ಕಳಿಗೆ ಹಬ್ಬವಾಯಿತು. ನಲ್ಲಿಯ ಹತ್ತಿರ ಕೇಳಿದವರು, ಕ್ಷೌರದಂಗಡಿಯಲ್ಲಿ ಕೇಳಿದವರು, ಸಂತೆಯಲ್ಲಿ ಕೇಳಿದವರು. ಮುತ್ಯಾಲಮ್ಮನನ್ನು ಒಂದು ಮನೆಯ ಮುದುಕಿ ಪೊರಕೆ ಎತ್ತಿಕೊಂಡು ಅಟ್ಟಿಸಿದ್ದಳು. ಓಡುವಾಗ ಬಿದ್ದು ಮಂಡಿಯ ಚರ್ಮ ಕಿತ್ತುಹೋಗಿತ್ತು. ಯಾವ ದಾರಿಯಲ್ಲಿ ಹೋದರೂ ಕೊನೆಗೆ ನಿಂತದ್ದು ಆ ವಾರಪತ್ರಿಕೆಯ ಮುಂದೆ. ಅದಕ್ಕೆ ಮುಂಚೆ ಕೇಳಿದವರು ಒಬ್ಬರೂ ಇರಲಿಲ್ಲ. ಕಂಡವರಂತೂ ಇರಲೇ ಇಲ್ಲ.

ಗಂಗರತ್ನಮ್ಮ ನೇರವಾಗಿ ಮೇಷ್ಟ್ರ ಮನೆಗೆ ಹೋದಳು. ಅವರು ಈಗ ಹೆಡ್‌ಮಾಸ್ತರು. ಪೇಟೆಯಲ್ಲಿ ಅವರ ಮಾತಿಗೆ ಎದುರಾಡುವವರಿಲ್ಲ. ಅವಳು ಪೊರಕೆಯ ಪ್ರಸಂಗ, ಕಿತ್ತುಹೋದ ಮಂಡಿ ಒಂದನ್ನೂ ಬಿಡದೆ ಹೇಳಿದಳು. ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕೇಳಿಸಿಕೊಂಡರು.

"ಭೇಷ್" ಎಂದರು. "ಪ್ರೆಸ್ಸಿನ ಹತ್ರ ಮಾತ್ರ ನೀನು ಹೋಗಬೇಡ. ಹೆಣ್ಣುಮಗಳು, ಅಲ್ಲಿ ಮಾತು ಬೆಳೆಯುತ್ತೆ. ನಾನೇ ಮಾತಾಡಿ, ಸುದ್ದಿ ಸುಳ್ಳು ಅಂತ ಮುಂದಿನ ವಾರ ಹಾಕಿಸ್ತೀನಿ."

"ನೀವಿದ್ದೀರಿ ಅಂತಲೇ ಬಂದೆ ಮೇಷ್ಟ್ರೇ" ಎಂದು ಅವಳು ಕಾಲು ಮುಟ್ಟಿ ನಮಸ್ಕಾರ ಮಾಡಿ ಬಂದಳು.

ಮುಂದಿನ ವಾರ ಏನೂ ಬರಲಿಲ್ಲ. ಅದರ ಮುಂದಿನ ವಾರ ಬಂತು. ಊರಿಗಾಂನ ಉಪಾಧ್ಯಾಯಿನಿಯೊಬ್ಬಳು ಪಾಠ ಬಿಟ್ಟು ಮಕ್ಕಳನ್ನು ಮನೆಮನೆಗೆ ಬೇಹುಗಾರಿಕೆಗೆ ಅಟ್ಟುತ್ತಿದ್ದಾಳೆ, ಹೆತ್ತವರನ್ನೇ ನಂಬಬೇಡಿರೆಂದು ಬೋಧಿಸುತ್ತಿದ್ದಾಳೆ, ಒಬ್ಬ ಬಾಲಕಿ ವೃದ್ಧೆಯೊಬ್ಬಳ ಪೊರಕೆಗೆ ಹೆದರಿ ಓಡಿ ಮಂಡಿ ಗಾಯ ಮಾಡಿಕೊಂಡಿದ್ದಾಳೆ.

ಅವಳು ಸ್ಟಾಫ್ ರೂಮಿನಲ್ಲಿ ನಿಂತೇ ಅದನ್ನು ಓದಿದಳು. ಪೊರಕೆಯ ಮಾತಿನ ಹತ್ತಿರ ಕಣ್ಣು ನಿಂತಿತು. ಮುತ್ಯಾಲಮ್ಮ ಮನೆಯಲ್ಲಿ ಬೈಸಿಕೊಳ್ಳಬೇಕಾದೀತೆಂದು, ಜಾರಿ ಬಿದ್ದೆ ಎಂದಷ್ಟೇ ಹೇಳಿದ್ದಳು. ಆ ಮುದುಕಿಗೆ ಅವಳು ಬಿದ್ದದ್ದೇ ಗೊತ್ತಿಲ್ಲ. ಎರಡನ್ನೂ ಸೇರಿಸಿ ಗಂಗರತ್ನಮ್ಮ ಹೇಳಿದ್ದು ಭೂಮಿಯ ಮೇಲೆ ಒಬ್ಬರಿಗೇ. ಅಲ್ಲ, ಪ್ರೆಸ್ಸಿನವರ ಹತ್ತಿರ ನನ್ನ ಪರವಾಗಿ ವಾದಿಸುವಾಗ ಬಾಯಿ ತಪ್ಪಿ ಅಂದಿರಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ರೈಲಿನುದ್ದಕ್ಕೂ ಹಾಗೇ ಹೇಳಿಕೊಳ್ಳುತ್ತ ಬಂಗಾರಪೇಟೆಗೆ ಹೋದಳು.

ಪ್ರೆಸ್ಸಿನ ಮಾಲೀಕ ಕೋದಂಡಪ್ಪ ಮಷೀನಿಗೆ ಎಣ್ಣೆ ಬಿಡುತ್ತಿದ್ದ. ಅವಳು ಕೇಳಿದ್ದಕ್ಕೆ ಅವನಿಗೆ ಮುಚ್ಚಿಡಬೇಕೆಂದೂ ಅನ್ನಿಸಲಿಲ್ಲ.

"ಅಯ್ಯೋ, ಬರ್ದೋರು ನಿಮ್ಮ ಮೇಷ್ಟ್ರೇ ಕಣಮ್ಮ. ನಮ್ಮ ಪೇಪರ್ಗೆ ಮೊದ್ಲಿಂದ್ಲೂ ಅವ್ರೇ ಬರ್ಯೋದು. ಎಸ್ರು ಆಕಲ್ಲ, ಅಷ್ಟೇಯ."

"ಗೋಣಿಚೀಲದ್ದು?"

"ಅದೂ ಅವ್ರೇ. ನೀವು ಅವ್ರ ಶಿಷ್ಯೆ ಅಲ್ವಾ, ನಿಮ್ಗೆ ಗೊತ್ತಿರ್ತದೆ ಅಂದ್ಕಂಡಿದ್ದೆ."

ಸಂಜೆಯಾಗಿತ್ತು. ಮೇಷ್ಟ್ರು ಮನೆಯ ಮುಂದೆ ಗಿಡಕ್ಕೆ ನೀರು ಹಾಕುತ್ತಿದ್ದರು. ಅವಳ ಮುಖ ನೋಡಿದ್ದೇ ಚೊಂಬು ಕೆಳಗಿಟ್ಟರು. ಇಲ್ಲ ಎನ್ನಲಿಲ್ಲ. ರೈಲಿನಲ್ಲಿ ಒಬ್ಬ ಹೇಳಿದ, ಆ ವಾರ ಬರೆಯಲು ಬೇರೇನೂ ಇರಲಿಲ್ಲ, ಇಷ್ಟು ದೂರ ಹೋಗುತ್ತದೆಂದು ಯಾರಿಗೆ ಗೊತ್ತಿತ್ತು ಎಂದರು.

"ಆಂಜಿನಪ್ಪನ ಕೈ ಹೋಯ್ತು ಮೇಷ್ಟ್ರೇ."

"ಗೊತ್ತು. ಅದಕ್ಕೇ ಕಣಮ್ಮ ಹೆದರಿದ್ದು. ನನ್ನ ಹೆಸರು ಹೊರಗೆ ಬಿದ್ದರೆ ಈ ಊರಲ್ಲಿ ತಲೆ ಎತ್ತೋ ಹಾಗಿಲ್ಲ. ನೀನು ಚಿಕ್ಕವಳು. ಎಲ್ಲಿ ಹಾಕಿದ್ರೂ ತಡ್ಕೋತೀಯ."

ಆ ಕೊನೆಯ ಮಾತಿನ ಅರ್ಥ ಅವಳಿಗೆ ತಿಳಿದದ್ದು ಶಾಲೆಗಳ ಇನ್‌ಸ್ಪೆಕ್ಟರು ವಿಚಾರಣೆಗೆ ಬಂದಾಗ. ಹೆಡ್‌ಮಾಸ್ತರು ಶ್ರೀನಿವಾಸಪ್ಪನವರ ಅಭಿಪ್ರಾಯವನ್ನು ಆಗಲೇ ಕೇಳಿದ್ದರಂತೆ. ಹುಡುಗಿ ಬುದ್ಧಿವಂತೆ, ಆದರೆ ಮೊದಲಿನಿಂದಲೂ ಹಟಮಾರಿ ಎಂದಿದ್ದರಂತೆ. ಸುದ್ದಿ ಬರೆದವರು ಅವರೇ ಎಂದು ಅವಳು ಹೇಳಿದಾಗ ಇನ್‌ಸ್ಪೆಕ್ಟರು ನಕ್ಕರು. ವಿಷಯ ಹೊರಗೆ ಬೀಳುತ್ತಲೇ ಕೋದಂಡಪ್ಪ ತಾನು ಹಾಗೆ ಅಂದೇ ಇಲ್ಲವೆಂದ. ಶಾಲೆಯ ಗೋಡೆಯ ಪೇಪರುಗಳನ್ನು ಕಿತ್ತರು. ಬೂದಿಕೋಟೆಯಿಂದಾಚೆ ಒಂದು ಹಳ್ಳಿಯ ಶಾಲೆಗೆ ಅವಳಿಗೆ ವರ್ಗವಾಯಿತು.

ಅಲ್ಲಿ ಅವಳು ಲೆಕ್ಕ ಹೇಳಿಕೊಟ್ಟಳು, ಕಾಪಿ ಬರೆಸಿದಳು. ಪೇಪರಿನ ಪಾಠ ಮಾತ್ರ ಮಾಡಲಿಲ್ಲ. ಇಲಾಖೆಯ ಹೆದರಿಕೆಯಿಂದಲ್ಲ. ಬಾಯಿ ತೆರೆದರೆ ಮೇಷ್ಟ್ರ ದನಿಯೇ ಬರುತ್ತಿತ್ತು. ಅಪ್ಪನ ತಂಗಿ ಪಾಪಕ್ಕ, ಗಂಡ ಸತ್ತವಳು, ಜೊತೆಗೆ ಬಂದು ಇದ್ದಳು. ಅವಳಿಗೂ ಏನೂ ಹೇಳಲಿಲ್ಲ.

1964ರಲ್ಲಿ ಒಂದು ಭಾನುವಾರ ಬೂದಿಕೋಟೆ ಬಸ್ಸಿಳಿದು, ಅಲ್ಲಿಂದ ನಡೆದುಕೊಂಡು, ಮೇಷ್ಟ್ರು ಅವಳ ಮನೆಗೆ ಬಂದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಪಾಪಕ್ಕ ಗಡಿಬಿಡಿಯಿಂದ ಚಾಪೆ ಹಾಸಿ ಮಜ್ಜಿಗೆ ಕೊಟ್ಟಳು.

"ರಿಟೈರಾಗ್ತಿದೀನಮ್ಮ. ಸನ್ಮಾನ ಇಟ್ಕೊಂಡಿದಾರೆ. ಶಿಷ್ಯರ ಪರವಾಗಿ ನೀನೇ ಎರಡು ಮಾತಾಡಬೇಕು."

"ಮಾತಾಡ್ತೀನಿ. ಆ ಗೋಣಿಚೀಲದ ಸುದ್ದಿ ಸುಳ್ಳು ಅಂತ ಅದೇ ಪೇಪರಲ್ಲಿ ಒಂದು ಸಾಲು ಬರೀತೀರಾ?"

"ಜನ ಅದನ್ನೆಲ್ಲ ಮರೆತಾಯ್ತಲ್ಲಮ್ಮ."

"ಆಂಜಿನಪ್ಪ ಮರೆತಿಲ್ಲ. ಬಂಗಾರಪೇಟೆ ಸ್ಟೇಷನ್ ಹತ್ರ ಎಡಗೈಯಲ್ಲಿ ಕಡಲೆಕಾಯಿ ಮಾರ್ತಾನೆ. ನೀವೂ ನೋಡಿರ್ತೀರಿ."

ಅವರು ಮಜ್ಜಿಗೆಯ ಲೋಟ ಕೆಳಗಿಟ್ಟರು. ಆಮೇಲೆ ಎದ್ದು, ಬಾಗಿಲಲ್ಲಿ ನಿಂತು, "ನಿನ್ನ ಕೈಲಿ ಬೈಸಿಕೊಂಡು ಹೋಗೋಕೆ ಬಂದೆನೇನೋ" ಎಂದರು. ಹೋದರು.

ಪಾಪಕ್ಕ ಸಿಡುಕಿದಳು. "ಮನೆ ಬಾಗ್ಲಿಗೆ ಬಂದ ಗುರುನ ಇಂಗಾ ಕಳ್ಸೋದು? ನಿನ್ನ ಮನುಷ್ಯಳ್ನ ಮಾಡ್ದೋರು ಕಣೇ ಅವ್ರು!"

ಆಗ ಗಂಗರತ್ನಮ್ಮ ಮೊದಲಿನಿಂದ ಎಲ್ಲವನ್ನೂ ಹೇಳಿದಳು. ಪಾಪಕ್ಕ ಹತ್ತಿರಕ್ಕೆ ಸರಿದು ಕೂತಳು. ಕೊನೆಗೆ, "ಇಷ್ಟು ವರ್ಸ ಒಬ್ಳೇ ಒತ್ಕಂಡಿದ್ಯಲ್ಲೇ" ಎಂದು ತಲೆ ನೇವರಿಸಿದಳು. ಗಂಗರತ್ನಮ್ಮ ಅವಳ ಮಡಿಲಲ್ಲಿ ಮುಖವಿಟ್ಟು ಅತ್ತಳು. ವರ್ಗವಾದ ದಿನವೂ ಅಷ್ಟು ಅತ್ತಿರಲಿಲ್ಲ.

ಸನ್ಮಾನಕ್ಕೆ ಅವಳು ಹೋಗಲಿಲ್ಲ. ಒಂದು ವಾರದ ನಂತರ ಆರನೇ ತರಗತಿಯ ಆದಿಲಕ್ಷ್ಮಮ್ಮ ಬೆಲ್ಲ ಕಟ್ಟಿಕೊಟ್ಟಿದ್ದ ಪೇಪರಿನ ತುಂಡೊಂದನ್ನು ಹಿಡಿದು ಬಂದಳು. ಅದೇ ವಾರಪತ್ರಿಕೆಯಲ್ಲಿ ಬಂದ ಸನ್ಮಾನದ ವರದಿ, ತಾರೀಖು ಸಮೇತ. ಹಾರ, ಶಾಲು, ಭಾಷಣಗಳು. 'ಪ್ರಿಯ ಶಿಷ್ಯೆ ಗಂಗರತ್ನಮ್ಮನವರು ಗದ್ಗದಿತರಾಗಿ ಗುರುಗಳ ಸತ್ಯನಿಷ್ಠೆಯನ್ನು ಕೊಂಡಾಡಿದರು.'

ಅವಳು ಎರಡು ಸಲ ಓದಿದಳು. ಹೋಗದಿದ್ದರೆ ಮುಗಿಯಿತು ಎಂದುಕೊಂಡಿದ್ದಳು. ತನ್ನ ಬಾಯಿಯನ್ನೂ ಅವರು ಕಿತ್ತುಕೊಂಡಿದ್ದರು.

"ಅವತ್ತು ನೀವು ಇಲ್ಲೇ ಇದ್ರಲ್ಲ ಟೀಚರ್, ನಮ್ಗೆ ಭಾಗಾಕಾರ ಯೇಳ್ಕೊಡ್ತಿದ್ರಿ" ಎಂದಳು ಹುಡುಗಿ. "ಮತ್ತೆ ಇದ್ನ ಯಾಕಿಂಗ್ ಬರ್ದವ್ರೆ?"

ಇಡೀ ತರಗತಿ ಅವಳ ಕಡೆ ನೋಡುತ್ತಿತ್ತು. ಗಂಗರತ್ನಮ್ಮ ಲೆಕ್ಕದ ಪುಸ್ತಕ ಮುಚ್ಚಿದಳು. ಈ ಸಲ ಬಂದ ದನಿ ತನ್ನದೇ ಆಗಿತ್ತು.

"ಎಲ್ಲರೂ ಹತ್ತಿರ ಬನ್ನಿ" ಎಂದಳು. "ಇದನ್ನ ಮೊದಲಿಂದ ಓದೋಣ."