ಬ್ರಷ್ಷು ತೊಳೆಯುವ ಮುನಿಯಮ್ಮ

ನಮ್ಮ ಸಾಲಿನಲ್ಲಿ ಸಂಜೆಯಾಯಿತೆಂದು ತಿಳಿಯಲು ಗಡಿಯಾರ ಬೇಕಿರಲಿಲ್ಲ. ಸೀಮೆಎಣ್ಣೆ ವಾಸನೆ ಬಂತೆಂದರೆ ಪಕ್ಕದ ಮನೆಯ ಮುನಿಯಮ್ಮ ಹಿತ್ತಿಲಲ್ಲಿ ಕೂತು ಬ್ರಷ್ಷು ತೊಳೆಯಲು ಶುರುಮಾಡಿದಳೆಂದು ಅರ್ಥ. ನಾನು ಹೊಲಿಗೆ ಯಂತ್ರ ಬಿಟ್ಟು ಎದ್ದು ಕಿಟಕಿ ಹಾಕುತ್ತಿದ್ದೆ. ಗಿರಾಕಿಗಳ ಬಟ್ಟೆಗೆ ವಾಸನೆ ಹಿಡಿದರೆ ಬೈಸಿಕೊಳ್ಳುವವಳು ನಾನು ತಾನೇ. ಹಾಕುವಾಗ ಬೇಕೆಂದೇ ಸದ್ದು ಮಾಡುತ್ತಿದ್ದೆ. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆಂದು ಹಳೇಬೀಡಿಗೆಲ್ಲ ಗೊತ್ತು.

ಮುನಿಯಮ್ಮ ಅದಕ್ಕೆ ಒಂದು ದಿನವೂ ಬೇಸರಪಟ್ಟವಳಲ್ಲ. ಲಕ್ಕಪ್ಪ ಮೇಸ್ತ್ರಿಯ ಪೇಂಟಿಂಗ್ ಗುಂಪಿನವರು ಬೇಲೂರು, ಹಗರೆ, ಜಾವಗಲ್ ಎಂದು ಎಲ್ಲೆಲ್ಲೋ ಗೋಡೆ ಬಳಿದು ಬಂದು, ಬ್ರಷ್ಷು, ರೋಲರು, ಡಬ್ಬಗಳನ್ನೆಲ್ಲ ಬಕೆಟ್ಟಿನಲ್ಲಿ ತುಂಬಿ ಇವಳ ಬಾಗಿಲಲ್ಲಿ ಇಟ್ಟು ಹೋಗುತ್ತಿದ್ದರು. ಬೆಳಗ್ಗೆ ಬಂದು ತೊಳೆದದ್ದನ್ನು ಒಯ್ಯುತ್ತಿದ್ದರು. ಇಟ್ಟು ಹೋಗುವವರಿಗೆ ಮನೆಗೆ ಹೋಗುವ ಅವಸರ, ಒಯ್ಯುವವರಿಗೆ ಬಸ್ಸಿನ ಅವಸರ. ಹಾಗಾಗಿ ಊರಿನ ಅರ್ಧ ಮನೆಗಳ ಬಣ್ಣ ಅವಳ ಕೈಮೇಲೆ ಹಾದುಹೋದರೂ ಅವಳ ಹತ್ತಿರ ಕೂತು ಮಾತಾಡಿದವರು ಕಡಿಮೆ.

ಮೊದಲೆಲ್ಲ ಸುಣ್ಣದ ಕಾಲ. ಕತ್ತಾಳೆ ನಾರಿನ ಕುಂಚವನ್ನು ನೀರಲ್ಲಿ ಜಾಲಾಡಿದರೆ ಮುಗಿಯುತ್ತಿತ್ತು. ಆಮೇಲೆ ಜನಕ್ಕೆ ಬಾಗಿಲು, ಕಿಟಕಿ, ಗೋಡೆಯ ಕೆಳಪಟ್ಟಿ ಎಲ್ಲಕ್ಕೂ ಆಯಿಲ್ ಪೇಂಟೇ ಬೇಕೆಂಬ ಹುಚ್ಚು ಹಿಡಿಯಿತು. ಅದು ನೀರಿಗೆ ಬಗ್ಗುವ ಜಾತಿಯಲ್ಲ. ಮುನಿಯಮ್ಮ ಬ್ರಷ್ಷನ್ನು ಮೊದಲು ಹಳೇ ಪೇಪರಿನ ಮೇಲೆ ಒತ್ತಿ ಒತ್ತಿ ಬಣ್ಣ ಬಿಡಿಸುವಳು. ಆಮೇಲೆ ಸೀಮೆಎಣ್ಣೆಯಲ್ಲಿ ಅದ್ದಿ, ಕೂದಲಿನ ಬುಡಕ್ಕೆ ಹೆಬ್ಬೆರಳು ಕೊಟ್ಟು ತುದಿಯ ಕಡೆಗೆ ನೀವುವಳು. ನೀವಿದಷ್ಟೂ ಒಳಗಿನಿಂದ ಬಣ್ಣ ಬರುತ್ತಲೇ ಇರುತ್ತದೆ. ಇನ್ನು ಸಾಕು ಅನ್ನಿಸಿದ ಮೇಲೂ ಬರುತ್ತದೆ. ಕೊನೆಗೆ ಬಿಸಿನೀರು, ಬಾರು ಸೋಪು, ಹಲ್ಲುದುರಿದ ಬಾಚಣಿಗೆಯಿಂದ ಒಂದು ಬಾಚು, ಮೇಲೊಂದು ಪೇಪರು ಸುತ್ತಿ ದಾರ. ಕೊಳೆಯಾದ ಸೀಮೆಎಣ್ಣೆಯನ್ನೂ ಚೆಲ್ಲುತ್ತಿರಲಿಲ್ಲ. ರಾತ್ರಿಯೆಲ್ಲ ಬಿಟ್ಟರೆ ಬಣ್ಣ ತಳಕ್ಕಿಳಿದು ಮೇಲೆ ತಿಳಿಯಾಗುತ್ತಿತ್ತು, ಅದನ್ನು ಬಸಿದುಕೊಳ್ಳುತ್ತಿದ್ದಳು.

“ಹೊರಗ್ ನೋಡಕ್ಕೆ ಲಕಲಕ ಅಂತಿರ್ತದೆ ಕಣಕ್ಕ. ಬುಡದಾಗೆ ಬಣ್ಣ ಕುಂತಿದ್ರೆ ಬೆಳಿಗ್ಗೆ ಕೊರಡಾಗಿರ್ತದೆ,” ಎನ್ನುವಳು.

ಅವಳ ಗಂಡ ಇನ್ನೊಬ್ಬಳ ಜೊತೆ ಶಿವಮೊಗ್ಗದ ಕಡೆ ಹೋಗಿ ಆಗಲೇ ಬಹಳ ಕಾಲವಾಗಿತ್ತು. ಮಕ್ಕಳಿಲ್ಲ. ತಾಯಿ ಸತ್ತ ಮೇಲೆ ತಮ್ಮ ರವಿಕುಮಾರನನ್ನು ಸಾಕಿ ಓದಿಸಿದವಳು ಇವಳೇ. ಅವನಿಗೆ ಹಗರೆಯಲ್ಲಿ ಹಾಲಿನ ಡೈರಿಯ ಕೆಲಸ ಸಿಕ್ಕಿತು, ಇಂದು ಎನ್ನುವ ಹುಡುಗಿಯ ಜೊತೆ ಮದುವೆಯಾಯಿತು. ಮದುವೆ ಊಟದ ಪಂಕ್ತಿಯಲ್ಲಿ ಮುನಿಯಮ್ಮನ ಪಕ್ಕದ ಎಲೆ ಕೊನೆಯವರೆಗೂ ಖಾಲಿ ಇತ್ತು. ನಾನು ಎದುರು ಸಾಲಿನಲ್ಲಿ ಕೂತಿದ್ದೆ. ಎದ್ದು ಹೋಗಿ ಕೂರಬಹುದಿತ್ತಲ್ಲ ಎಂದು ನೀವು ಕೇಳಬಹುದು. ನನ್ನ ಎಲೆಗೆ ಬಡಿಸಿಯಾಗಿತ್ತು.

ಒಂದು ಸಲ ಬಸ್ಸಿನಲ್ಲಿ ಕಂಡಕ್ಟರು, “ಯಾರಮ್ಮ ಸೀಮೆಎಣ್ಣೆ ಡಬ್ಬ ತಂದಿರೋದು? ಕೆಳಗಿಳಿಸಿ,” ಎಂದು ಕೂಗಿದ. ಯಾರೂ ತಂದಿರಲಿಲ್ಲ. ಅವನು ಸೀಟಿನಡಿ ಎಲ್ಲ ಬಗ್ಗಿ ಹುಡುಕುತ್ತಿರುವಾಗ ಮುನಿಯಮ್ಮ ಎರಡೂ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡು ಕಿಟಕಿಯಾಚೆ ನೋಡುತ್ತಿದ್ದಳಂತೆ. ಇದನ್ನು ನನಗೆ ಅವಳೇ ನಗುನಗುತ್ತ ಹೇಳಿದಳು. ನನಗೆ ನಗು ಬರಲಿಲ್ಲ.

ತೊಂಬತ್ತಾರೋ ತೊಂಬತ್ತೇಳೋ, ರವಿಕುಮಾರನಿಗೆ ಹೆಣ್ಣುಮಗುವಾಯಿತು. ಬಾಣಂತನ ಮುಗಿಸಿ ಇಂದುವನ್ನೂ ಮಗುವನ್ನೂ ಹಗರೆಗೆ ಕರೆತಂದ ಮೇಲೆ ತೊಟ್ಟಿಲಿಗೆ ಹಾಕುವುದೆಂದು ನಿಶ್ಚಯವಾಗಿ, ಅಕ್ಕನನ್ನು ಕರೆಯಲು ಅವನೇ ಬಂದ. ನಮ್ಮ ಕಡೆ ಮಗುವನ್ನು ಮಡಿಲಿಗೆ ಹಾಕಿಕೊಂಡು ಹೆಸರು ಕೂಗಬೇಕಾದವಳು ಸೋದರತ್ತೆ. ಮನೆಯವರು ಇಟ್ಟ ಹೆಸರನ್ನು ಎಲ್ಲರಿಗೂ ಕೇಳುವಂತೆ ಕೂಗುವ ಮೊದಲು, ತನಗೆ ಇಷ್ಟವಾದ ಒಂದು ಹೆಸರನ್ನು ಮಗುವಿನ ಕಿವಿಯಲ್ಲಿ ಮೆಲ್ಲಗೆ ಹೇಳುತ್ತಾಳೆ. ಅದು ಅವಳ ಹಕ್ಕು. ಕೊರಳಲ್ಲಿ ತಾಳಿ ಇತ್ತು, ಗಂಡ ಎಲ್ಲೋ ಬದುಕಿದ್ದ, ಶಾಸ್ತ್ರಕ್ಕೆ ಅಡ್ಡ ಬರುವಂಥದ್ದು ಏನೂ ಇರಲಿಲ್ಲ.

“ನೀನೇ ಕೂಗ್ಬೇಕು ಕಣಕ್ಕ,” ಎಂದ ರವಿಕುಮಾರ. ಸ್ವಲ್ಪ ಹೊತ್ತು ಚಪ್ಪಲಿ ನೋಡಿಕೊಂಡು, “ಒಸಿ ಕೈಗೀಯಿ ಚೆನ್ನಾಗ್ ತೊಳ್ಕಂಡ್ ಬಾ. ನನ್ ಹೆಂಡ್ತಿ ಕಡೆಯೋರು ಒಂಥರಾ,” ಎಂದ. ಹೊರಡುವಾಗ, “ಬಾಗಿಲಿಗೆಲ್ಲ ಒಂದ್ ಕೋಟ್ ಹೊಡೀಬೇಕು, ಒಂದು ಬ್ರಷ್ ಇದ್ರೆ ಕೊಡಕ್ಕ,” ಎಂದು ಕೇಳಿದ.

ಮುನಿಯಮ್ಮನ ಸ್ವಂತದ್ದೆಂದು ಇದ್ದದ್ದು ಒಂದೇ ಬ್ರಷ್ಷು. ಹಿಡಿ ಸವೆದಿದೆ ಎಂದು ಲಕ್ಕಪ್ಪ ಬಿಟ್ಟುಕೊಟ್ಟದ್ದು. ಅದರ ಕೂದಲು ಬೆಕ್ಕಿನ ಮರಿಯ ಹಾಗಿತ್ತು. ಪೇಪರು ಬಿಚ್ಚಿ ಅದನ್ನೇ ಕೊಟ್ಟಳು. “ಬಳಿದ್ ಮ್ಯಾಕೆ ಹಂಗೇ ಬಿಡಬ್ಯಾಡ ಕಣಪ್ಪ,” ಎಂದು ಬಸ್‌ಸ್ಟ್ಯಾಂಡಿನವರೆಗೂ ಹೇಳಿಕೊಂಡು ಹೋದಳು.

ಅವತ್ತೇ ಅವಳು ಕೆಲಸ ನಿಲ್ಲಿಸಿದಳು. ಮರುದಿನ ಬೆಳಗ್ಗೆ ನನ್ನ ಯಂತ್ರದ ಮುಂದೆ ಬಂದು ಎರಡೂ ಕೈ ಚಾಚಿ ನಿಂತಳು.

“ಮೂಸಿ ನೋಡಕ್ಕ.”

“ನನಗೇನು ಬೇರೆ ಕೆಲಸ ಇಲ್ವೇನೇ?” ಎಂದೆ. ಆದರೂ ಮೂಸಿದೆ. ವಾಸನೆ ಗಮ್ಮೆಂದಿತು.

ಸೀಗೇಕಾಯಿ, ಕಡಲೆಹಿಟ್ಟು, ನಿಂಬೆಹಣ್ಣಿನ ಸಿಪ್ಪೆ, ಕೆರೆಯಂಚಿನ ಮಣ್ಣು, ಯಾರು ಏನು ಹೇಳಿದರೂ ಹಚ್ಚಿ ಉಜ್ಜಿದಳು. ಉಗುರಿನ ಸಂದಿಗೆ ಬೇವಿನಕಡ್ಡಿ ಹಾಕಿ ತೆಗೆದಳು. ದಿನಾ ಬೆಳಗ್ಗೆ ಬಂದು ಕೈ ಚಾಚುವುದು, ನಾನು ಮೂಸಿ ತಲೆಯಾಡಿಸುವುದು. ಲಕ್ಕಪ್ಪ ಎರಡು ಸಲ ಬಂದು ಹೋದ. “ನಮ್ ಹುಡುಗ್ರು ತೊಳೆದಿದ್ದು ನೋಡು ಮುನಿಯಮ್ಮ, ಬ್ರಷ್ಷೆಲ್ಲ ಪೊರಕೆ ಕಡ್ಡಿ ಆಗೋದ್ವು,” ಎಂದು ಗೋಗರೆದ.

“ಮಗೀಗೆ ಹೆಸರು ಕೂಗಿ ಬತ್ತೀನಿ ಮೇಸ್ತ್ರಿ. ಆಮ್ಯಾಕೆ ನಿಮ್ ಬ್ರಷ್ಷು, ನಾನು, ಇದ್ದೇ ಇದೀವಲ್ಲ.”

ಕಿವಿಯಲ್ಲಿ ಏನು ಹೆಸರು ಹೇಳುತ್ತೀಯೆಂದು ನಾನು ಕೆದಕಿ ಕೆದಕಿ ಕೇಳಿದೆ. ಬಾಯಿ ಬಿಡಲಿಲ್ಲ. ಬಟ್ಟೆ ಒಗೆಯುವಾಗ, ಸೊಪ್ಪು ಸೋಸುವಾಗ ಅವಳ ತುಟಿ ಅಲ್ಲಾಡುವುದನ್ನು ಮಾತ್ರ ನೋಡುತ್ತಿದ್ದೆ.

ತೊಟ್ಟಿಲಿನ ದಿನ ಬೆಳಗ್ಗೆ ಅವಳ ಕೈ ಮೂಸಿದೆ. ಅಂಗೈ, ಹಿಂಗೈ, ಬೆರಳ ಸಂದಿ. ಏನೂ ಇರಲಿಲ್ಲ. ಒಂಚೂರು ಸೀಗೇಕಾಯಿ, ಅಷ್ಟೆ.

“ಹೋಗಿದೆ ಕಣೇ,” ಎಂದೆ. ಅವಳು ನಂಬದೆ ತಾನೂ ಮೂಸಿಕೊಂಡಳು. ಅವಳ ಸೀರೆಗಳನ್ನು ಮಾತ್ರ ನಂಬುವ ಹಾಗಿರಲಿಲ್ಲ, ನನ್ನದೊಂದು ಉಡಿಸಿದೆ. ಗಿರಾಕಿಗಳ ರೇಷ್ಮೆ ಚೂರುಗಳನ್ನು ಕೂಡಿಸಿ ಮಗುವಿಗೊಂದು ಕುಲಾವಿ ಹೊಲಿದಿದ್ದೆ, ಅದನ್ನು ಅವಳ ಕೈಗೆ ಕೊಟ್ಟೆ. ಜೊತೆಗೆ ನಾನೂ ಹೊರಟೆ.

ಹಗರೆ ಬಸ್ಸಿನಲ್ಲಿ ನನಗೆ ಹಿಂದೆ ಎಲ್ಲೋ ಸೀಟು ಸಿಕ್ಕಿತು. ಮುನಿಯಮ್ಮನ ಪಕ್ಕ ಸೊಪ್ಪಿನ ಮಂಕರಿಯ ಹೆಂಗಸೊಬ್ಬಳು ಕೂತು, ತೂಕಡಿಸಿ, ಅವಳ ಹೆಗಲ ಮೇಲೆ ತಲೆಯಿಟ್ಟು ಮಲಗಿಬಿಟ್ಟಳು. ಇಳಿಯುವವರೆಗೂ ಮುನಿಯಮ್ಮ ಅಲುಗಾಡಲಿಲ್ಲ. ಒಂದೇ ಸಲ ಹಿಂದೆ ತಿರುಗಿ ನನ್ನ ಮುಖ ನೋಡಿದಳು. ಹಾಗೆ ಅವಳು ಖುಷಿಪಟ್ಟದ್ದನ್ನು ನಾನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ.

ರವಿಕುಮಾರನ ಮನೆಯ ಬಾಗಿಲು ಕಿಟಕಿಗಳೆಲ್ಲ ಹಸಿರಾಗಿ ಥಳಥಳ ಎನ್ನುತ್ತಿದ್ದವು. ಹಿಂದಿನ ದಿನವಷ್ಟೇ ಬಳಿದದ್ದು, ಒಂದು ಕಡೆ ಯಾವುದೋ ಮಗುವಿನ ಅಂಗೈ ಗುರುತು ಅಂಟಿತ್ತು. ಬಂದವರೆಲ್ಲ ಮನೆ ಹೊಸದಾಗಿ ಕಾಣುತ್ತದೆಂದು ಹೊಗಳುತ್ತಿದ್ದರು. ನಡುಮನೆಯಲ್ಲಿ ತೊಟ್ಟಿಲು ಕಟ್ಟಿತ್ತು. ಮುನಿಯಮ್ಮ ಕೈಕಾಲು ತೊಳೆದು ಬಂದು ಅದರ ಪಕ್ಕ ಕೂತಳು. ಅಷ್ಟರಲ್ಲಿ ಇಂದುವಿನ ತಾಯಿ ಸಾವಿತ್ರಮ್ಮ ಬಂದು ಅವಳ ಮುಂದೆ ನಿಂತಳು.

“ತಪ್ಪು ತಿಳ್ಕಬ್ಯಾಡ ಕಣಮ್ಮ. ಮಗೀಗೆ ಎರಡು ದಿನದಿಂದ ನೆಗಡಿ. ಈ ಸೀಮೆಎಣ್ಣೆ ವಾಸನೆ ಎದೆಗಿಳಿದ್ರೆ ಕಷ್ಟ. ನಿಮ್ ಚಿಕ್ಕಪ್ಪನ ಮಗಳು ಬಂದವ್ಳಲ್ಲ, ಅವಳೂ ಸೋದರತ್ತೇನೇ ಆಗ್ಬೇಕು. ಅವಳೇ ಕೂಗ್ಲಿ.”

ನನಗೆ ಮೈಯೆಲ್ಲ ಉರಿಯಿತು. “ಅವಳ ಕೈ ಮೂಸಿ ನೋಡಿ ಆಮೇಲೆ ಮಾತಾಡ್ರೀ,” ಎಂದೆ.

“ಮೂಸೋದೇನ್ ಬಂತು, ಮನೆತುಂಬ ಬತ್ತಾ ಐತಲ್ಲ,” ಎಂದಳು ಸಾವಿತ್ರಮ್ಮ.

ಬರುತ್ತಿದ್ದದ್ದು ನಿಜ. ಕೂತ ಹೆಂಗಸರೆಲ್ಲ ಮೂಗಿಗೆ ಸೆರಗು ಹಿಡಿದು ಹೌದೆಂದು ತಲೆಯಾಡಿಸಿದರು. ಸೀಮೆಎಣ್ಣೆ ಬೆರೆಸಿ ಬಳಿದ ಬಾಗಿಲಿನಿಂದ ಬರುತ್ತಿತ್ತು, ಕಿಟಕಿಯಿಂದ ಬರುತ್ತಿತ್ತು, ಆ ಮನೆಯ ಒಂದೊಂದು ಚೌಕಟ್ಟಿನಿಂದಲೂ ಬರುತ್ತಿತ್ತು. ಅಲ್ಲಿದ್ದವರಲ್ಲಿ ವಾಸನೆಯಿಲ್ಲದವಳು ಮುನಿಯಮ್ಮ ಒಬ್ಬಳೇ. ಅದನ್ನು ಹೇಳಲು ಬಾಯಿ ತೆರೆದೆ. ಅವಳು ನನ್ನ ಸೆರಗು ಹಿಡಿದು ಜಗ್ಗಿದಳು.

“ಬ್ಯಾಡ ಕಣಕ್ಕ. ತೊಟ್ಟಿಲ ಹೊತ್ನಾಗೆ ಮಾತು ಬೆಳೀಬಾರ್ದು.”

ಎದ್ದು ಜಾಗ ಬಿಟ್ಟಳು. ರವಿಕುಮಾರ ಅಕ್ಕನ ಕಡೆ ನೋಡದೆ ಒಳಗಿನಿಂದ ಮಗುವನ್ನು ಎತ್ತಿಕೊಂಡು ಬಂದು ಚಿಕ್ಕಪ್ಪನ ಮಗಳ ಮಡಿಲಿಗೆ ಹಾಕಿದ. ಅವನ ಹತ್ತೂ ಉಗುರಿನ ಸಂದಿಯಲ್ಲಿ ಹಸಿರು ಬಣ್ಣ ಕೂತಿತ್ತು. ಆ ಕೈಯನ್ನು ಅವನು ಬೆಳಗ್ಗೆ ಯಾವುದರಲ್ಲಿ ತೊಳೆದಿದ್ದಾನೆಂದು ನನಗಾಗಲಿ ಮುನಿಯಮ್ಮನಿಗಾಗಲಿ ಯಾರೂ ಹೇಳಬೇಕಿರಲಿಲ್ಲ. ಧನುಶ್ರೀ ಎಂದು ಕೂಗಿದ್ದು ಕೇಳಿಸಿತು. ಹೆಂಗಸರು ಸೋಬಾನೆ ಶುರುಮಾಡಿದರು.

ಊಟದ ಹೊತ್ತಿಗೆ ಮುನಿಯಮ್ಮ ಕಾಣಲಿಲ್ಲ. ಹುಡುಕಿಕೊಂಡು ಹಿತ್ತಿಲಿಗೆ ಹೋದರೆ ಬಚ್ಚಲ ಕಲ್ಲಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಅವಳ ಬ್ರಷ್ಷನ್ನು ರವಿಕುಮಾರ ಬಣ್ಣದ ಡಬ್ಬದಲ್ಲೇ ತಲೆಕೆಳಗೆ ಬಿಟ್ಟಿದ್ದ, ಮೇಲೆಲ್ಲ ಕೆನೆ ಕಟ್ಟಿತ್ತು. ಅಲ್ಲೇ ಉಳಿದಿದ್ದ ಸೀಮೆಎಣ್ಣೆಯಲ್ಲಿ ಅದ್ದಿ, ಬುಡದಿಂದ ತುದಿಗೆ ನೀವುತ್ತಿದ್ದಳು. ನನ್ನ ಸೀರೆಯ ಸೆರಗನ್ನು ಮಾತ್ರ ತಾಗದಂತೆ ಮೇಲಕ್ಕೆ ಸಿಕ್ಕಿಸಿಕೊಂಡಿದ್ದಳು. ಇಷ್ಟು ದಿನ ಬಿಳಿಚಿಕೊಂಡಿದ್ದ ಕೈ ಮಣಿಕಟ್ಟಿನವರೆಗೂ ಹಸಿರಾಗಿತ್ತು.

“ಏನೇ ಇದು, ಇವತ್ತೂನಾ?” ಎಂದೆ.

“ಬುಡ ಇನ್ನೂ ಒಣಗಿಲ್ಲ ಕಣಕ್ಕ. ಉಳೀತದೆ,” ಎಂದಳು.

ವಾಪಸು ಬರುವಾಗ ಬಸ್ಸು ತುಂಬಿತ್ತು. ಅವಳ ಪಕ್ಕದ ಸೀಟು ಮಾತ್ರ ಖಾಲಿ ಉಳಿಯಿತು. ಆ ಸಲ ನಾನು ಹೋಗಿ ಕೂತೆ.

ಈಗ ಧನುಶ್ರೀ ಹೈಸ್ಕೂಲು. ಸ್ಕೂಲಿನಿಂದ ದೇವಸ್ಥಾನ ನೋಡಲು ಬಂದಾಗ ಗೆಳತಿಯರನ್ನು ರಸ್ತೆಯಲ್ಲಿ ನಿಲ್ಲಿಸಿ, ಬಾಗಿಲಲ್ಲೇ ನಿಂತು “ಅತ್ತೆ, ಚೆನ್ನಾಗಿದೀರಾ?” ಎಂದು ಕೇಳಿ ಹೋಗುತ್ತಾಳೆ. ಒಳ್ಳೆಯ ಹುಡುಗಿ. ಮೂಗು ಮುಚ್ಚಿಕೊಳ್ಳುವುದಿಲ್ಲ, ಒಳಗೂ ಬರುವುದಿಲ್ಲ. ಮೊನ್ನೆ ಹಾಗೆ ಬಂದು ಹೋದ ಮೇಲೆ ಮುನಿಯಮ್ಮ ಬಹಳ ಹೊತ್ತು ಬೀದಿಯನ್ನೇ ನೋಡುತ್ತ ನಿಂತಿದ್ದಳು. ತುಟಿ ಅಲ್ಲಾಡಿತು. ನಾನು ತಡೆಯಲಾರದೆ ಕೇಳಿಬಿಟ್ಟೆ, ಅವತ್ತು ಅದರ ಕಿವಿಯಲ್ಲಿ ಏನು ಹೆಸರು ಹೇಳಬೇಕೆಂದಿದ್ದೆ, ಈಗಲಾದರೂ ಹೇಳೇ ಎಂದು.

“ಅದು ಮಗೀನ್ ಕಿವೀಗ್ ಹೇಳೋದು ಕಣಕ್ಕ,” ಎಂದಳು. “ನಿನಗೆಂಗ್ ಹೇಳ್ಲಿ?”

ಸಂಜೆಯಾಗಿತ್ತು. ಬಕೆಟ್ಟು ಎತ್ತಿಕೊಂಡು ಹಿತ್ತಿಲಿಗೆ ಹೋದಳು. ನಾನು ಕಿಟಕಿ ಹಾಕಲಿಲ್ಲ.